ಕ್ರಿಕೆಟ್ ನಿಯಮಗಳ ತಿದ್ದುಪಡಿ: ಒಂದು ನೈತಿಕ ವಿಮರ್ಶೆ

ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಲ್ಲಾಗಲಿ, ಹುಮನಾಬಾದಿನ ಸುತ್ತಣ ಹಳ್ಳಿಗಳಲ್ಲಾಗಲಿ, ಹಿಂಗಾರಿ ಜೋಳದ ರಾಶಿ ಮುಗಿದು ಹೊಲಗಳು ಬಯಲಾದ ಮೇಲೆ ಹುಡುಗರು ಆಡುವ ಕ್ರಿಕೆಟ್ಟಿಗೆ ಲಾರ್ಡ್ಸ್ ಮೈದಾನದಿಂದ ಹೊರಡುವ ನಿಯಮಪುಸ್ತಕ ಬೇಕಾಗುವುದಿಲ್ಲ. ಅಂಥ ಆಟದಲ್ಲಿ ಅಂಪೈರ್ ಆಗಿ ನಿಲ್ಲುವವನು ಸಾಮಾನ್ಯವಾಗಿ ಬ್ಯಾಟಿಂಗ್ ಪಕ್ಷದವನೇ. ತನ್ನ ಸರದಿ ಬರುವ ತನಕ ಬಿಡುವಾಗಿರುವವನು. ತನ್ನ ಪಕ್ಷದವನನ್ನೇ ಔಟ್ ಎನ್ನಬೇಕಾದ ಧರ್ಮಸಂಕಟ ಅವನದು. ಆದ್ದರಿಂದಲೇ ಹಳ್ಳಿಯ ಆಟದಲ್ಲಿ ಎಲ್‌ಬಿಡಬ್ಲ್ಯು ಎಂಬುದು ಪ್ರಾಯಶಃ ಇರುವುದಿಲ್ಲ. ಗೂಟ ಬಿದ್ದದ್ದು, ಕ್ಯಾಚ್ ಹಿಡಿದದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ; ಕಾಲಿಗೆ ಬಡಿದ ಚೆಂಡು ಗೂಟಕ್ಕೆ ಹೋಗುತ್ತಿತ್ತೆ ಎಂಬುದಕ್ಕೆ ಮಾತ್ರ ಒಬ್ಬನ ಅಂತಃಕರಣವೇ ಸಾಕ್ಷಿ. ಆ ಒಬ್ಬನ ಮೇಲೆ ಅಷ್ಟು ಭಾರ ಹೊರಿಸುವುದು ಬೇಡವೆಂದು ಹುಡುಗರು ನಿಯಮವನ್ನೇ ತೆಗೆದುಹಾಕಿದ್ದಾರೆ. ಯಾರೂ ಸಮಿತಿ ಕೂಡಿಸಿ ಮಾಡಿದ ತಿದ್ದುಪಡಿಯಲ್ಲ ಇದು. ಆದರೂ ನಿಯಮಶಾಸ್ತ್ರದ ಒಂದು ಮೂಲಪ್ರಶ್ನೆ ಇದರಲ್ಲಿ ಅಡಗಿದೆ: ಮನುಷ್ಯನ ಸತ್ಯನಿಷ್ಠೆಯನ್ನು ನಂಬಿ ನಿಯಮ ಮಾಡಬೇಕೋ, ಅದನ್ನು ನಂಬದೆ ಮಾಡಬೇಕೋ?

ಕ್ರಿಕೆಟ್ ಆಟವನ್ನು ಸುಧಾರಿಸಲು ಯಾವ ಯಾವ ನಿಯಮಗಳನ್ನು ಬದಲಿಸಬೇಕೆಂಬ ಚರ್ಚೆ ಇಂದು ಮನೆಮನೆಯ ಟಿವಿಯ ಮುಂದೆ ನಡೆಯುತ್ತಿದೆ. ಈ ಚರ್ಚೆಯಲ್ಲಿ ರಂಜನೆಯ ಮಾತು ಹೆಚ್ಚು, ನೀತಿಯ ಮಾತು ಕಡಿಮೆ. ಶಾಸನ ಮತ್ತು ವ್ಯಾಖ್ಯಾನಗಳ ವಿಷಯದಲ್ಲಿ ಈ ನಾಡಿಗೆ ದೊಡ್ಡ ಪರಂಪರೆ ಇದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದ್ದು ಇದೇ ಕಲ್ಯಾಣದಲ್ಲಿ. ಮೂಲಸೂತ್ರ ಚಿಕ್ಕದು, ಪ್ರಸಂಗಗಳು ಅನಂತ. ಎರಡರ ನಡುವಿನ ಅಂತರವನ್ನು ತುಂಬುವುದೇ ವ್ಯಾಖ್ಯಾನಕಾರನ ಕೆಲಸ. ಕ್ರಿಕೆಟ್ಟಿನ ಮೊದಲ ಲಿಖಿತ ಸಂಹಿತೆ 1744ರದು; ಇಂದಿನ ಸಂಹಿತೆಯಲ್ಲಿ 42 ನಿಯಮಗಳಿವೆ. 2000ದಲ್ಲಿ ಅವುಗಳ ಮುನ್ನುಡಿಯಾಗಿ 'ಆಟದ ಮನೋಧರ್ಮ'ವನ್ನು ಕುರಿತ ಒಂದು ಪೀಠಿಕೆಯನ್ನೂ ಸೇರಿಸಲಾಯಿತು. ನಿಯಮ ಪಾಲಿಸಿದರೆ ಸಾಲದು, ಅದರ ಆಶಯವನ್ನೂ ಪಾಲಿಸಬೇಕೆಂದು ಅದರ ತಾತ್ಪರ್ಯ. ಯಾವುದೇ ಸಂಹಿತೆಗೆ ಇಂಥ ಪೀಠಿಕೆ ಬೇಕಾಯಿತೆಂದರೆ, ಅದುವರೆಗೆ ಬರೆಯದೆಯೇ ನಡೆಯುತ್ತಿದ್ದ ಯಾವುದೋ ಒಂದು ನಡೆಯದಾಗಿದೆ ಎಂದೇ ಅರ್ಥಮಾಡಿಕೊಳ್ಳಬೇಕಾಗುತ್ತದೆ.

ಬರೆಯದೆ ನಡೆಯುತ್ತಿದ್ದುದು ಏನು ಎಂಬುದಕ್ಕೆ ಕನ್ನಡಿಗರ ಬಳಿಯೇ ಒಂದು ಉತ್ತಮ ನಿದರ್ಶನವಿದೆ. 1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣಮಹೋತ್ಸವದ ಟೆಸ್ಟ್ ಪಂದ್ಯ ಇಂಗ್ಲೆಂಡಿನ ವಿರುದ್ಧ ನಡೆಯಿತು. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರು ಭಾರತದ ನಾಯಕರು. ಅವರು ಟೆಸ್ಟ್ ನಾಯಕರಾಗಿದ್ದುದು ಒಟ್ಟು ಎರಡೇ ಪಂದ್ಯಗಳಲ್ಲಿ. ಅವುಗಳಲ್ಲಿ ಇದು ಒಂದು. ಭಾರತ 242 ರನ್ ಗಳಿಸಿತ್ತು. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ಕಂಗೆಟ್ಟಿತ್ತು. ಆಗ ಕಪಿಲ್ ದೇವ್ ಅವರ ಎಸೆತದಲ್ಲಿ ಬಾಬ್ ಟೇಲರ್ ಅವರ ವಿರುದ್ಧ ಕ್ಯಾಚ್‌ಗಾಗಿ ಮನವಿ ಎದ್ದಿತು. ಅಂಪೈರರ ಬೆರಳೂ ಮೇಲೆದ್ದಿತು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂಬ ಭಾವ ಟೇಲರ್ ಅವರ ಮುಖದಲ್ಲಿತ್ತು. ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್ ಅವರಿಗೂ ತಗುಲಿಲ್ಲವೆಂದೇ ಮನವರಿಕೆಯಾಗಿತ್ತು. ಅವರು ಅಂಪೈರರೊಡನೆ ಮಾತನಾಡಿ ತೀರ್ಪನ್ನು ಹಿಂತೆಗೆಸಿ ಟೇಲರ್ ಅವರನ್ನು ಮರಳಿ ಕರೆದರು.

ಮುಂದೆ ನಡೆದದ್ದನ್ನು ವ್ಯಾಪಾರಿಯ ಕಿರ್ದಿ-ಖಾತೆಯಲ್ಲಿ ಬರೆದರೆ ಬರೀ ನಷ್ಟವೇ ಕಾಣುತ್ತದೆ. ಟೇಲರ್ 43 ರನ್ ಮಾಡಿದರು. ಅವರೂ ಬೋಥಮ್ ಅವರೂ ಸೇರಿ ಆರನೆಯ ವಿಕೆಟ್ಟಿಗೆ 171 ರನ್ ಕೂಡಿಸಿದರು. ಬೋಥಮ್ 114 ರನ್ ಹೊಡೆದದ್ದಲ್ಲದೆ ಎರಡೂ ಸರದಿಗಳಲ್ಲಿ ಒಟ್ಟು 13 ವಿಕೆಟ್ ಪಡೆದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ಸೋಲಿಗೆ ಟೇಲರ್ ಅವರನ್ನು ಮರಳಿ ಕರೆದದ್ದೇ ಕಾರಣವೆಂದು ಹೇಳುವವರು ಈಗಲೂ ಇದ್ದಾರೆ. ಅವರ ಲೆಕ್ಕ ತಪ್ಪಲ್ಲ. ಆದರೆ ಆ ಲೆಕ್ಕದ ಪ್ರಕಾರ ಭಾರತಕ್ಕೆ ಸಲ್ಲಬೇಕಾಗಿತ್ತೆಂದು ಹೇಳುವ ವಿಕೆಟ್ಟು ಮೊದಲಿನಿಂದಲೂ ಭಾರತದ್ದಲ್ಲ. ಗ್ರಾಹಕ ಮರೆತು ಹೆಚ್ಚಿಗೆ ಕೊಟ್ಟ ಹಣವನ್ನು ಅಂಗಡಿಯವನು ಮರಳಿಸಿದಾಗ ಅದನ್ನು ನಷ್ಟದ ಕಲಮಿಗೆ ಬರೆಯುವುದುಂಟೆ?

ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ವಿಶ್ವನಾಥ್ ಅವರು ನಿಯಮವನ್ನು ಮೀರಲಿಲ್ಲ. ಅಂಪೈರರ ಸಮ್ಮತಿ ಪಡೆದು ನಾಯಕನು ಮನವಿಯನ್ನು ಹಿಂತೆಗೆದುಕೊಳ್ಳಬಹುದೆಂಬ ಅವಕಾಶ ನಿಯಮದಲ್ಲೇ ಇದೆ. ಔಟಾದವನು ಮೈದಾನ ಬಿಡುವುದರೊಳಗೆ ಅದು ಆಗಬೇಕೆಂದು ಹಿಂದೆ ಇತ್ತು; ಈಗ ಮುಂದಿನ ಎಸೆತಕ್ಕೆ ಚೆಂಡು ಆಟಕ್ಕೆ ಬರುವುದರೊಳಗೆ ಆದರೆ ಸಾಕು. ಅಂದರೆ ಹಳೆಯ ನಿಯಮಕಾರರು ಅಂಪೈರನ ಕಣ್ಣು ತಪ್ಪಬಹುದೆಂದು ಮೊದಲೇ ಊಹಿಸಿದ್ದರು. ಆ ತಪ್ಪಿಗೆ ಪರಿಹಾರವಾಗಿ ಅವರು ಇಟ್ಟದ್ದು ಯಂತ್ರವನ್ನಲ್ಲ, ಎದುರಾಳಿಯ ಪ್ರಾಮಾಣಿಕತೆಯನ್ನು. ಇಂದಾಗಿದ್ದರೆ ಟೇಲರ್ ಎರಡು ಕೈಗಳಿಂದ ಇಂಗ್ಲಿಷಿನ 'ಟಿ' ಅಕ್ಷರದ ಆಕಾರ ತೋರಿಸುತ್ತಿದ್ದರು, ಕ್ಯಾಮೆರಾ ನಿರ್ಣಯಿಸುತ್ತಿತ್ತು, ವಿಶ್ವನಾಥ್ ಸುಮ್ಮನೆ ನಿಂತಿರುತ್ತಿದ್ದರು. ಫಲ ಒಂದೇ. ವಿಶ್ವನಾಥ್ ಅವರ ಹೆಸರನ್ನು ಮಾತ್ರ ಯಾರೂ ನೆನೆಯುತ್ತಿರಲಿಲ್ಲ.

ಹಾಗೆಂದು ಯಂತ್ರವನ್ನು ಹಳಿಯುವುದು ನ್ಯಾಯವಲ್ಲ. ಎದುರಾಳಿಯ ಮಾತನ್ನೇ ನಂಬಿದರೆ ಏನಾಗಬಹುದೆಂಬುದನ್ನು ಕಂಡವರೂ ಒಬ್ಬ ಕನ್ನಡಿಗರೇ. 2007-08ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಭಾರತದ ನಾಯಕರಾಗಿದ್ದ ಅನಿಲ್ ಕುಂಬ್ಳೆ ಅವರೂ ಆತಿಥೇಯರ ನಾಯಕ ಪಾಂಟಿಂಗ್ ಅವರೂ ಒಂದು ಒಪ್ಪಂದ ಮಾಡಿಕೊಂಡಿದ್ದರು: ನೆಲಮಟ್ಟದ ಕ್ಯಾಚ್‌ಗಳ ವಿಷಯದಲ್ಲಿ ಹಿಡಿದವನ ಮಾತೇ ಪ್ರಮಾಣ. ಬಹಳ ಸುಂದರವಾದ ಒಪ್ಪಂದ. 2008ರ ಜನವರಿಯಲ್ಲಿ ಸಿಡ್ನಿ ಟೆಸ್ಟಿನಲ್ಲಿ ಅದು ಮುರಿದುಬಿತ್ತು. ಸೌರವ್ ಗಂಗೂಲಿ ಅವರ ಕ್ಯಾಚ್ ಬಗ್ಗೆ ಅಂಪೈರರು ಪಾಂಟಿಂಗ್ ಅವರನ್ನೇ ವಿಚಾರಿಸಿ ಔಟ್ ಕೊಟ್ಟ ದೃಶ್ಯವನ್ನು ಕಂಡವರಿಗೆ ಅದು ಮರೆಯುವಂಥದ್ದಲ್ಲ. ಅದೇ ಪಂದ್ಯದಲ್ಲಿ 30 ರನ್ ಗಳಿಸಿದ್ದಾಗ ಚೆಂಡು ಬ್ಯಾಟಿಗೆ ತಗುಲಿ ಕ್ಯಾಚ್ ಹೋದರೂ ಔಟಾಗದೆ ಉಳಿದ ಸೈಮಂಡ್ಸ್ ಔಟಾಗದೆ 162 ರನ್ ಹೊಡೆದರು. ಚೆಂಡು ತಗುಲಿತ್ತೆಂದು ಆಮೇಲೆ ಅವರೇ ಒಪ್ಪಿಕೊಂಡರು. ಪಂದ್ಯ ಭಾರತದ ಕೈತಪ್ಪಿತು. ಆ ಸರಣಿಯ ಮುಂದಿನ ಪಂದ್ಯಗಳಲ್ಲಿ ಕುಂಬ್ಳೆ ಒಪ್ಪಂದವನ್ನು ಮುಂದುವರಿಸಲಿಲ್ಲ. ಅದೇ ವರ್ಷ ಶ್ರೀಲಂಕೆಯಲ್ಲಿ ತೀರ್ಪು ಪುನರ್ವಿಮರ್ಶೆಯ ಪದ್ಧತಿಯನ್ನು ಮೊದಲ ಬಾರಿಗೆ ಟೆಸ್ಟ್‌ಗಳಲ್ಲಿ ಪ್ರಯೋಗಿಸಿದಾಗ ಭಾರತದ ನಾಯಕರೂ ಕುಂಬ್ಳೆ ಅವರೇ. ಮುಂದೆ ಅವರು 2012ರಿಂದ 2021ರವರೆಗೆ ಐಸಿಸಿಯ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿ, ಇಂಥ ನಿಯಮಗಳನ್ನು ತೂಗಿ ನೋಡುವ ಪೀಠದಲ್ಲಿಯೇ ಕುಳಿತರು. ಟಾಸ್ ಪದ್ಧತಿಯನ್ನೇ ಕೈಬಿಡಬೇಕೆಂಬ ಸಲಹೆ 2018ರಲ್ಲಿ ಆ ಸಮಿತಿಯ ಮುಂದೆ ಬಂದಾಗ ಅದನ್ನು ಒಪ್ಪಲಿಲ್ಲ. 2020ರಲ್ಲಿ ಸಾಂಕ್ರಾಮಿಕದ ಭಯದಿಂದ ಚೆಂಡಿಗೆ ಎಂಜಲು ಹಚ್ಚುವುದನ್ನು ನಿಷೇಧಿಸಲು ಶಿಫಾರಸು ಮಾಡಿತು.

ವಿಶ್ವನಾಥ್ ಮತ್ತು ಕುಂಬ್ಳೆ ಇಬ್ಬರ ಅನುಭವಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಸತ್ಯ ನುಡಿಯುವುದು ಒಬ್ಬನ ವ್ರತವಾಗಿರಬಹುದು. ಆದರೆ ಎದುರಿನವನೂ ಅದೇ ವ್ರತ ಹಿಡಿದಿದ್ದಾನೆಂದು ಭಾವಿಸಿ ನಿಯಮ ಮಾಡಿದರೆ, ದಂಡ ತೆರಬೇಕಾದವನು ಸತ್ಯವಂತನೇ. ತನ್ನ ತಪ್ಪಿಲ್ಲದೆ ಔಟಾದ ಆಟಗಾರನಿಗೆ ಪುನರ್ವಿಮರ್ಶೆಯ ಹಕ್ಕು ಸಿಕ್ಕಿರುವುದು ನಿಜವಾದ ಸುಧಾರಣೆ. ಮನುಷ್ಯನ ಗುಣಕ್ಕೆ ಪರೀಕ್ಷೆ ಇಲ್ಲದಂತಾಯಿತೆಂದು ಕೊರಗುವವರು, ಆ ಪರೀಕ್ಷೆಯ ಶುಲ್ಕವನ್ನು ಇದುವರೆಗೆ ಬೇರೊಬ್ಬನು ಕಟ್ಟುತ್ತಿದ್ದನೆಂಬುದನ್ನು ಮರೆಯಬಾರದು.

ಇನ್ನು ತುಂಬ ವಾದಕ್ಕೆ ಎಡೆಮಾಡಿದ ರನೌಟ್. ಬೌಲರ್ ಚೆಂಡು ಎಸೆಯುವ ಮೊದಲೇ ಅವನ ಬದಿಯ ದಾಂಡಿಗ ಗೆರೆ ಬಿಟ್ಟು ಮುಂದೆ ಓಡಿದರೆ, ಬೌಲರ್ ಗೂಟ ಬೀಳಿಸಿ ಅವನನ್ನು ಔಟ್ ಮಾಡಬಹುದು. 1947ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ವಿನೂ ಮಂಕಡ್ ಅವರು ಬಿಲ್ ಬ್ರೌನ್ ಅವರನ್ನು ಹೀಗೆ ಔಟ್ ಮಾಡಿದ ಮೇಲೆ, ಈ ಕ್ರಿಯೆಗೆ ಮಂಕಡರ ಹೆಸರೇ ಕಳಂಕದಂತೆ ಅಂಟಿಕೊಂಡಿತು. ಎದುರಾಳಿಗಳ ನಾಯಕ ಬ್ರಾಡ್‌ಮನ್ ಅವರೇ ಮಂಕಡರಲ್ಲಿ ದೋಷ ಕಾಣಲಿಲ್ಲವೆಂಬುದನ್ನು ಲೋಕ ಮರೆಯಿತು. 2019ರಲ್ಲಿ ಜೈಪುರದಲ್ಲಿ ಅಶ್ವಿನ್ ಅವರು ಬಟ್ಲರ್ ಅವರನ್ನು, 2022ರ ಸೆಪ್ಟೆಂಬರಿನಲ್ಲಿ ಲಾರ್ಡ್ಸ್‌ನಲ್ಲಿ ದೀಪ್ತಿ ಶರ್ಮಾ ಅವರು ಚಾರ್ಲಿ ಡೀನ್ ಅವರನ್ನು ಹೀಗೆ ಔಟ್ ಮಾಡಿದಾಗಲೂ ಬೈಗುಳ ಬಿದ್ದದ್ದು ಬೌಲರರಿಗೇ. 2022ರ ಅಕ್ಟೋಬರಿನಿಂದ ಈ ವಿಧಿಯನ್ನು 'ಅನುಚಿತ ಆಟ'ದ 41ನೆಯ ನಿಯಮದಿಂದ ತೆಗೆದು ರನೌಟಿನ 38ನೆಯ ನಿಯಮಕ್ಕೆ ಸೇರಿಸಲಾಯಿತು. ಇದು ಬಹಳ ತಡವಾಗಿ ಬಂದ, ಆದರೆ ಯೋಗ್ಯವಾದ ತಿದ್ದುಪಡಿ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಬಲ್ಲ ಓದುಗರಿಗೆ ಅಚೌರ್ಯ ವ್ರತದ ಐದು ಅತಿಚಾರಗಳಲ್ಲಿ 'ಹೀನಾಧಿಕ ಮಾನೋನ್ಮಾನ'ವೂ ಒಂದೆಂಬುದು ತಿಳಿದೇ ಇದೆ: ಕೊಡುವಾಗ ಕಡಿಮೆ ಅಳತೆ, ಕೊಳ್ಳುವಾಗ ಹೆಚ್ಚು ಅಳತೆ. ಅಡತಿ ಅಂಗಡಿಯಲ್ಲಿ ತೊಗರಿ ತೂಗುವಾಗ ತಕ್ಕಡಿಗೆ ಬೆರಳು ತಾಗಿಸುವವನು ದೊಡ್ಡ ಕಳ್ಳನಲ್ಲ. ಪ್ರತಿ ಚೀಲಕ್ಕೂ ಸ್ವಲ್ಪ ಸ್ವಲ್ಪವಾಗಿ ಕದಿಯುವವನು. ಗೆರೆ ಬಿಟ್ಟು ಒಂದು ಗಜ ಮುಂದೆ ನಿಲ್ಲುವ ದಾಂಡಿಗನು ಮಾಡುವುದೂ ಅದನ್ನೇ. ಓಡಬೇಕಾದ ದಾರಿಯಲ್ಲಿ ಒಂದು ಗಜ ಕಡಿಮೆ ಓಡಿ ಪೂರ್ತಿ ರನ್ನು ಪಡೆಯುತ್ತಾನೆ. ತಕ್ಕಡಿಯ ಮೇಲಿದ್ದ ಬೆರಳನ್ನು ಹಿಡಿದವನನ್ನೇ ಸಣ್ಣವನೆಂದು ಸಂತೆಯೆಲ್ಲ ಸೇರಿ ಹಂಗಿಸಿದರೆ ಹೇಗೆ? ಆದರೂ ವಿಕೆಟ್ಟನ್ನೇ ಕಳೆದುಕೊಳ್ಳುವ ಶಿಕ್ಷೆ ಮೈಮರೆತು ಅರ್ಧ ಅಡಿ ಸರಿದವನಿಗೆ ಅತಿಯಾಯಿತೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಬೌಲರನ ಮುಂಗಾಲು ಗೆರೆ ದಾಟಿತೇ ಎಂಬುದನ್ನು ಈಗ ಟಿವಿ ಅಂಪೈರರೇ ನೋಡುತ್ತಾರೆ. ಅದೇ ಕಣ್ಣು ಎದುರು ದಾಂಡಿಗನ ಬ್ಯಾಟನ್ನೂ ನೋಡಿ, ಅವನು ಮೊದಲೇ ಹೊರಟಿದ್ದರೆ ಆ ಎಸೆತದ ರನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಕಷ್ಟವೇನಲ್ಲ. ಬೌಲರನ ಒಂದು ಅಂಗುಲಕ್ಕೆ ದಂಡ, ದಾಂಡಿಗನ ಒಂದು ಗಜಕ್ಕೆ ಕ್ಷಮೆ ಎಂಬ ಪಕ್ಷಪಾತ ಆಗ ಇರದು. ಯಾರೂ ಯಾರನ್ನೂ ಬೈಯಬೇಕಾಗಿಯೂ ಬಾರದು.

ಕೆಲವು ತಿದ್ದುಪಡಿಗಳು ಗಣಿತದ ತಪ್ಪನ್ನು ತಿದ್ದಿದಂಥವು. 1992ರ ವಿಶ್ವಕಪ್ ಸೆಮಿಫೈನಲಿನಲ್ಲಿ 13 ಎಸೆತಗಳಲ್ಲಿ 22 ರನ್ ಮಾಡಬೇಕಾಗಿದ್ದ ದಕ್ಷಿಣ ಆಫ್ರಿಕಾಕ್ಕೆ ಮಳೆ ನಿಂತ ಮೇಲೆ ಉಳಿದದ್ದು ಒಂದೇ ಎಸೆತ. ಅದಕ್ಕೂ ಹಿಂದಿನ ಸರಾಸರಿಯ ಲೆಕ್ಕ ಬರೀ ತ್ರೈರಾಶಿಕ. ಮಳಖೇಡದ ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹವನ್ನು ಓದಿದ ಬಾಲಕನೂ ಮಾಡಬಹುದಾದದ್ದು. ಓವರುಗಳಂತೆಯೇ ಉಳಿದ ವಿಕೆಟ್‌ಗಳೂ ಬಂಡವಾಳವೆಂದು ಎಣಿಸುವ ಡಕ್‌ವರ್ತ್-ಲೂಯಿಸ್ ಪದ್ಧತಿ 1997ರಲ್ಲಿ ಬಳಕೆಗೆ ಬಂದು ಆ ಅನ್ಯಾಯವನ್ನು ಬಹುಮಟ್ಟಿಗೆ ಪರಿಹರಿಸಿತು. 2019ರ ವಿಶ್ವಕಪ್ ಫೈನಲಿನಲ್ಲಿ ಎರಡು ತಂಡಗಳೂ 241, ಸೂಪರ್ ಓವರಿನಲ್ಲಿಯೂ ತಲಾ 15. ಕೊನೆಗೆ ಬೌಂಡರಿ ಎಣಿಸಿ, 26ಕ್ಕೆ 17 ಎಂದು ಇಂಗ್ಲೆಂಡಿಗೆ ಕಪ್ಪು ಕೊಟ್ಟರು. ಓಡಿ ಗಳಿಸಿದ ರನ್ನಿಗಿಂತ ಹೊಡೆದು ಗಳಿಸಿದ ರನ್ನು ಶ್ರೇಷ್ಠವೆಂದು ಯಾವ ಶಾಸ್ತ್ರ ಹೇಳುತ್ತದೆ? ಆ ವರ್ಷದಲ್ಲಿಯೇ ಆ ವಿಧಿಯನ್ನು ತೆಗೆದರು. ಐಪಿಎಲ್ 2023ರಲ್ಲಿ ತಂದ 'ಇಂಪ್ಯಾಕ್ಟ್ ಆಟಗಾರ'ನ ಪದ್ಧತಿಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಹನ್ನೊಂದು ಜನರ ಆಟಕ್ಕೆ ಹನ್ನೆರಡನೆಯವನನ್ನು ಸೇರಿಸಿದ್ದು ಪ್ರೇಕ್ಷಕರಿಗೆ ಇನ್ನಷ್ಟು ಸಿಕ್ಸರ್ ಉಣಬಡಿಸುವುದಕ್ಕೆ. ಬ್ಯಾಟಿಂಗ್ ಬೌಲಿಂಗ್ ಎರಡನ್ನೂ ಶ್ರಮಪಟ್ಟು ಕಲಿತವನಿಗೆ ಅದರಿಂದ ಅನ್ಯಾಯವಾಯಿತು. ಸೈಯದ್ ಮುಷ್ತಾಕ್ ಅಲಿ ಟ್ರೋಫಿಯಿಂದ ಅದನ್ನು 2024-25ರಲ್ಲಿ ಕೈಬಿಟ್ಟದ್ದು ಸರಿಯೇ.

ನಿಯಮಕ್ಕೆ ಎಟುಕದ ವಿಷಯವೊಂದಿದೆ. ಈ ವಿಮರ್ಶೆಯ ಮುಖ್ಯಾಂಶವೂ ಅದೇ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಕುಂಬ್ಳೆ 74 ರನ್ನಿಗೆ 10 ವಿಕೆಟ್ ಪಡೆದರಲ್ಲವೆ? ಒಂಬತ್ತು ವಿಕೆಟ್ ಆದ ಮೇಲೆ ಇನ್ನೊಂದು ಕಡೆಯಿಂದ ಬೌಲ್ ಮಾಡಿದ ಜಾವಗಲ್ ಶ್ರೀನಾಥ್, ಹತ್ತನೆಯದು ತಮಗೆ ಸಿಗದಿರಲೆಂದು ಚೆಂಡನ್ನು ಗೂಟದಿಂದ ದೂರ ದೂರ ಎಸೆದರು. ಗೆಳೆಯನ ಕೀರ್ತಿಗಾಗಿ ತನ್ನ ಲಾಭ ಬಿಟ್ಟ ಆ ಕ್ರಿಯೆಯನ್ನು ಕರ್ನಾಟಕ ಪ್ರೀತಿಯಿಂದ ನೆನೆಯುತ್ತದೆ. 2010ರಲ್ಲಿ ಲಾರ್ಡ್ಸ್‌ನಲ್ಲಿ ಪಾಕಿಸ್ತಾನದ ಇಬ್ಬರು ಬೌಲರರು ಬೇಕೆಂದೇ ನೋಬಾಲ್ ಹಾಕಿದರು. ಅದರ ಹಿಂದೆ ಹಣವಿತ್ತು. ಅಂಕಪಟ್ಟಿಯಲ್ಲಿ ವೈಡ್ ಒಂದು ರನ್, ನೋಬಾಲ್ ಒಂದು ರನ್. ಎರಡೂ ಕಡೆ ಬೌಲರ್ ಮಾಡಿದ್ದು ತನ್ನ ಶಕ್ತಿಗೆ ತಕ್ಕಂತೆ ಎಸೆಯದಿರುವುದು. ದ್ರವ್ಯ ಒಂದೇ, ಭಾವ ಬೇರೆ. ಕಠಿಣವಾಗಿ ನೋಡುವವರು ಶ್ರೀನಾಥರ ಎಸೆತಗಳಲ್ಲಿಯೂ ಪ್ರೇಕ್ಷಕರಿಗೆ ಸಲ್ಲಬೇಕಾದ ಪೂರ್ಣ ಪ್ರಯತ್ನದ ಕೊರತೆಯನ್ನು ಕಾಣಬಹುದು. ಅದನ್ನು ಅಲ್ಲಗಳೆಯಲಾಗದು. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಯಾವ ವಿವೇಕಿಯೂ ಒಪ್ಪನು. ಈ ಭೇದವನ್ನು ಅಂಪೈರ್ ಎಣಿಸಲಾರ, ಕ್ಯಾಮೆರಾ ಕಾಣಲಾರದು.

ನ್ಯಾಯಾಲಯ ಕಾಣಬಲ್ಲುದೆ? ಲಾರ್ಡ್ಸ್ ಪ್ರಕರಣದ ಆಟಗಾರರಿಗೆ 2011ರಲ್ಲಿ ಲಂಡನ್ನಿನ ನ್ಯಾಯಾಲಯ ಸೆರೆವಾಸ ವಿಧಿಸಿತು. ಜೂಜಿನಲ್ಲಿ ಮೋಸ ಮಾಡುವುದು ಅಲ್ಲಿ 2005ರ ಕಾಯಿದೆಯಂತೆ ಪ್ರತ್ಯೇಕ ಅಪರಾಧ. ಕರ್ನಾಟಕ ಪ್ರೀಮಿಯರ್ ಲೀಗ್ ಪಂದ್ಯಗಳ ಬಗ್ಗೆ 2019ರಲ್ಲಿ ಬೆಂಗಳೂರು ಪೊಲೀಸರು ಹೂಡಿದ ಮೊಕದ್ದಮೆಯಲ್ಲಿ ಬೇರೆಯೇ ಆಯಿತು. ಮ್ಯಾಚ್ ಫಿಕ್ಸಿಂಗ್ ಆಟಗಾರನ ಅಪ್ರಾಮಾಣಿಕತೆ, ಅಶಿಸ್ತುಗಳನ್ನು ತೋರಿಸಬಹುದಾದರೂ ಭಾರತೀಯ ದಂಡಸಂಹಿತೆಯ 420ನೆಯ ಕಲಮಿನ ವಂಚನೆ ಆಗುವುದಿಲ್ಲ, ಪ್ರೇಕ್ಷಕರು ಟಿಕೆಟ್ ಕೊಳ್ಳುವುದು ಸ್ವಇಚ್ಛೆಯಿಂದ, ಶಿಸ್ತುಕ್ರಮ ಜರುಗಿಸುವುದು ಕ್ರಿಕೆಟ್ ಮಂಡಳಿಯ ಕೆಲಸ ಎಂದು ಕರ್ನಾಟಕ ಉಚ್ಚ ನ್ಯಾಯಾಲಯ 2022ರ ಜನವರಿಯಲ್ಲಿ ಹೇಳಿ ಆ ದೋಷಾರೋಪವನ್ನು ರದ್ದುಪಡಿಸಿತು. ತೀರ್ಪನ್ನು ಆಕ್ಷೇಪಿಸುವಂತಿಲ್ಲ, ಇಲ್ಲದ ಕಾನೂನನ್ನು ನ್ಯಾಯಾಧೀಶರು ಹುಟ್ಟಿಸಲಾಗದು. ಫಿಕ್ಸಿಂಗನ್ನು ಪ್ರತ್ಯೇಕ ಅಪರಾಧವೆಂದು ಮಾಡಬೇಕೆಂದು ಕಾನೂನು ಆಯೋಗ 2018ರ ತನ್ನ 276ನೆಯ ವರದಿಯಲ್ಲಿಯೇ ಹೇಳಿತ್ತು. ಇಂಪ್ಯಾಕ್ಟ್ ಆಟಗಾರನಿಗಾಗಿ ನಿಯಮ ಬರೆಯಲು ತೋರಿದ ತ್ವರೆ ಇಲ್ಲಿ ಕಾಣಲಿಲ್ಲ. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ನಿಷೇಧಿಸಿದ್ದು ಕುಟುಂಬಗಳಿಗೆ ದೊಡ್ಡ ಉಪಕಾರ. ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದೆಂದು ಮಕ್ಕಳಿಗೆ ಕಲಿಸುವ ಮನೆಗಳಲ್ಲಿಯೇ ಹುಡುಗರ ಫೋನುಗಳಲ್ಲಿ ಅದು ಆಟದ ವೇಷ ಹಾಕಿಕೊಂಡು ಕುಳಿತಿತ್ತು.

ಸಮಾಜದ ಯುವಕಮಂಡಳಿಗಳೂ ಬಸದಿಗಳ ಟ್ರಸ್ಟುಗಳೂ ಮಹಾವೀರ ಜಯಂತಿಯ ಸುಮಾರಿಗೆ ಪಂದ್ಯಾವಳಿ ಏರ್ಪಡಿಸುವ ರೂಢಿ ಹಲವೆಡೆ ಇದೆ. ಲೋಕದ ನಿಯಮಗಳನ್ನು ತಿದ್ದಲು ಅವುಗಳಿಗೆ ಅಧಿಕಾರವಿಲ್ಲ. ತಮ್ಮ ಪಂದ್ಯದ ನಿಯಮಗಳನ್ನು ಬರೆಯುವ ಅಧಿಕಾರವಂತೂ ಇದ್ದೇ ಇದೆ. ಮೊದಲನೆಯದು ಚೆಂಡು. ಗಟ್ಟಿ ಚೆಂಡಿನ ಹೊದಿಕೆ ಹಸುವಿನ ಚರ್ಮ. ಚೆಂಡಿನ ವಿಷಯದ 4ನೆಯ ನಿಯಮ ತೂಕ 156ರಿಂದ 163 ಗ್ರಾಂ, ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್ ಎಂದು ಹೇಳುತ್ತದೆಯೇ ಹೊರತು ಚರ್ಮವೇ ಆಗಿರಬೇಕೆಂದು ಹೇಳುವುದಿಲ್ಲ. ಚರ್ಮದ ಚೀಲ, ಚರ್ಮದ ಬೆಲ್ಟನ್ನು ಬಸದಿಯ ಹೊರಗೇ ಬಿಡಬೇಕೆಂದು ಫಲಕ ಹಾಕುವ ಟ್ರಸ್ಟು, ಅದೇ ಬಸದಿಯ ಹೆಸರಿನ ಪಂದ್ಯಕ್ಕೆ ಡಜನ್ನುಗಟ್ಟಲೆ ಚರ್ಮದ ಚೆಂಡು ತರಿಸುವುದು ಹೇಗೆ ಹೊಂದುತ್ತದೆ? ಟೆನಿಸ್ ಚೆಂಡಿನಲ್ಲಿ ಆಡಿದರೆ ಆಟದ ರುಚಿ ಕೆಡುವುದೆಂಬ ವಾದ ಈ ಸೀಮೆಯಲ್ಲಿ ನಿಲ್ಲುವಂಥದ್ದಲ್ಲ. ಇಲ್ಲಿನ ಹುಡುಗರು ಬೆಳೆದದ್ದೇ ಆ ಚೆಂಡಿನಲ್ಲಿ. ಎರಡನೆಯದು ದೀಪ. ಹೊನಲು ಬೆಳಕಿನ ಪಂದ್ಯಗಳ ಮೋಹ ತಾಲ್ಲೂಕು ಕೇಂದ್ರಗಳಿಗೂ ಬಂದಿದೆ. ದೀಪದ ಕಂಬದ ಕೆಳಗೆ ಬೆಳಗಾದ ಮೇಲೆ ರಾಶಿ ಬಿದ್ದಿರುವ ಹುಳಗಳನ್ನು ನೋಡಿದವರಿಗೆ ಹೆಚ್ಚು ವಿವರಣೆ ಬೇಡ. ಪಂದ್ಯ ಹಗಲಿನಲ್ಲಿಯೇ ಮುಗಿಯಲಿ.

ಮೂರನೆಯದು ಅಂಪೈರ್. ಬ್ಯಾಟಿಂಗ್ ಪಕ್ಷದವನನ್ನೇ ನಿಲ್ಲಿಸುವ ಹಳ್ಳಿಯ ರೂಢಿಯನ್ನು ಬಿಟ್ಟು, ಆ ದಿನ ಆಡದಿರುವ ಮೂರನೆಯ ತಂಡದಿಂದ ಇಬ್ಬರನ್ನು ಕರೆದರೆ ಎಲ್‌ಬಿಡಬ್ಲ್ಯುವನ್ನು ಮತ್ತೆ ತರಬಹುದು. ಅದರೊಂದಿಗೆ, ಪಂದ್ಯಾವಳಿಯ ಕರಪತ್ರದಲ್ಲಿ ಬಹುಮಾನದ ಮೊತ್ತ ಮತ್ತು ದಾನಿಗಳ ಹೆಸರುಗಳ ಕೆಳಗೆ, ನಾಯಕನು ತನ್ನ ತಂಡದ ಮನವಿಯನ್ನು ಹಿಂತೆಗೆದುಕೊಳ್ಳಬಹುದೆಂಬ ವಿಧಿಯನ್ನೂ ಅಚ್ಚು ಹಾಕಿಸಬೇಕು. ಅಂಥದೊಂದು ವಿಧಿ ಇದೆಯೆಂಬುದೇ ಬಹುತೇಕ ಹುಡುಗರಿಗೆ ತಿಳಿಯದು. ಔಟಾದವನು ಮೈದಾನ ಬಿಡುವುದರೊಳಗೆ ಎಂಬ ಹಳೆಯ ನಿಯಮದ ಮಾತು ಮಾತ್ರ ಹಗ್ಗ ಕಟ್ಟಿದ ಮೈದಾನಕ್ಕೆ ಸರಿ. ರಾಶಿ ಮಾಡಿದ ಹೊಲದಲ್ಲಿ ಮೈದಾನ ಎಲ್ಲಿ ಮುಗಿಯಿತೆಂಬುದೇ ಜಗಳಕ್ಕೆ ಕಾರಣವಾದೀತು. ಅಲ್ಲಿ 'ಮುಂದಿನ ಚೆಂಡು ಎಸೆಯುವವರೆಗೆ' ಎಂದು ಬರೆದರೆ ಸಾಕು.